ಕ್ಯಾಮೆರಾ ಪಕ್ಕದ ಹಳದಿ ಚುಕ್ಕೆ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



"ನೀನು ಏನು ಕೆಲಸ ಮಾಡ್ತೀಯ ಅಂತ ಮಕ್ಕಳಿಗೆ ಅರ್ಥ ಆಗೋ ಹಾಗೆ ಹೇಳಪ್ಪ, ಇಪ್ಪತ್ತು ನಿಮಿಷ ಸಾಕು" ಎಂದು ಹೆಡ್‌ಮಾಸ್ಟರ್ ಸಾರ್ ಫೋನ್ ಮಾಡಿದ್ದರು. ಸಾಫ್ಟ್‌ವೇರ್ ಎಂಜಿನಿಯರ್ ಎಂದರೆ ಕೃಷ್ಣರಾಜಪುರದಲ್ಲಿ ಯಾರೂ ತಲೆ ಎತ್ತಿ ನೋಡುವುದಿಲ್ಲ. ಬೆಳಿಗ್ಗೆ ಎಂಟೂವರೆಗೆ ಹ್ಯಾಂಗಿಂಗ್ ಬ್ರಿಡ್ಜ್ ಕೆಳಗೆ ನಿಂತರೆ ಕುತ್ತಿಗೆಗೆ ಟ್ಯಾಗ್ ಹಾಕಿಕೊಂಡು ಬಸ್ಸಿಗೋ ಮೆಟ್ರೋಗೋ ಓಡುತ್ತಿರುವವರೆಲ್ಲ ನಮ್ಮವರೇ. ಆದರೆ ನನ್ನ ಕೆಲಸ ಸ್ವಲ್ಪ ಬೇರೆ. ಅದು ಈಗಾಗಲೇ ನಿಮ್ಮ ಜೇಬಿನಲ್ಲಿದೆ. ಹಿರಿಯರು ಒಂದು ನಿಮಿಷ ಫೋನ್ ತೆಗೆದು ಹಿಂದುಮುಂದು ಮಾಡಿ ನೋಡಿ. ಕ್ಯಾಮೆರಾ ಪಕ್ಕದಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಹಳದಿ ಚುಕ್ಕೆ ಕಾಣುತ್ತದಲ್ಲ? ಅದಕ್ಕೆ ಎಷ್ಟು ಕರೆಂಟು ಕೊಡಬೇಕು ಎಂದು ಬರೆಯುವುದು ನನ್ನ ಕೆಲಸ. ಬಿಇ ಓದಿಸಿದ್ದು ಇದಕ್ಕಾ ಎಂದು ನಮ್ಮ ತಂದೆ ಕೂಡ ಕೇಳಿದ್ದರು. ಹೌದು, ಇದಕ್ಕೇ.

ಮೊದಲು ಆ ಹಳದಿಯ ವಿಷಯ. ಬೆಳಕು ಬೆಳ್ಳಗೆ ಬರುತ್ತದೆ, ಚುಕ್ಕೆ ಮಾತ್ರ ಯಾಕೆ ಹಳದಿ? ಅದರ ಒಳಗಿರುವ ಎಲ್‌ಇಡಿ ಚೂರು ಕೊಡುವುದು ನೀಲಿ ಬೆಳಕು. ಅದರ ಮೇಲೆ ಹಳದಿ ಬಣ್ಣದ ಫಾಸ್ಫರ್ ಪುಡಿಯನ್ನು ಲೇಪಿಸಿರುತ್ತಾರೆ. ನೀಲಿಯಲ್ಲಿ ಒಂದಷ್ಟನ್ನು ಆ ಪುಡಿ ನುಂಗಿ ಹಳದಿಯಾಗಿ ಉಗುಳುತ್ತದೆ. ಉಳಿದ ನೀಲಿ, ಹೊಸ ಹಳದಿ ಎರಡೂ ಸೇರಿ ನಮ್ಮ ಕಣ್ಣಿಗೆ ಬಿಳಿ. ಕೆಂಪು, ಹಸಿರು ಎಲ್‌ಇಡಿಗಳು ಮೊದಲಿನಿಂದ ಇದ್ದವು. ಚೆನ್ನಾಗಿ ಬೆಳಗುವ ನೀಲಿ ಸಿಗದೆ ಜಗತ್ತು ಬಹಳ ಕಾಲ ಕಾಯಿತು. ಅದನ್ನು ಮಾಡಿಕೊಟ್ಟ ಇಸಾಮು ಅಕಾಸಾಕಿ, ಹಿರೋಷಿ ಅಮಾನೊ ಮತ್ತು ಶುಜಿ ನಾಕಾಮುರಾ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ನಿಮ್ಮ ಮನೆಯ ಬಲ್ಬಿನಲ್ಲಿ, ಟಿವಿಯಲ್ಲಿ, ಆಟೋದ ಹೆಡ್‌ಲೈಟಿನಲ್ಲಿ ಇರುವುದು ಅದೇ ನೀಲಿಯ ಸಂತಾನ.

ಈಗ ಕರೆಂಟು. ನಾವು ಕನ್ನಡದಲ್ಲಿ ಎಲ್ಲದಕ್ಕೂ ಕರೆಂಟು ಎನ್ನುತ್ತೇವೆ. ಕರೆಂಟು ಹೋಯ್ತು, ಕರೆಂಟು ಹೊಡೀತು, ಕರೆಂಟು ಬಿಲ್ಲು ಕಟ್ಟಿದೆ. ಇದೇ ಶಾಲೆಯ ಹತ್ತನೇ ತರಗತಿಯಲ್ಲಿ ಮೇಷ್ಟ್ರು ಮಾತ್ರ ಎರಡು ಪದಗಳನ್ನು ಬೇರೆ ಬೇರೆ ಇಟ್ಟಿದ್ದರು: ವಿದ್ಯುತ್ ಪ್ರವಾಹ ಮತ್ತು ವಿಭವಾಂತರ. ಆಂಪಿಯರ್ ಮತ್ತು ವೋಲ್ಟ್. ಕನ್ನಡ ಮಾಧ್ಯಮದಿಂದ ಹೋಗಿ ಎಂಜಿನಿಯರಿಂಗ್ ಮೊದಲ ವರ್ಷ ಇಂಗ್ಲಿಷಿನಲ್ಲಿ ಒದ್ದಾಡಿದವರಲ್ಲಿ ನಾನೂ ಒಬ್ಬ. ಆದರೆ ಈ ಒಂದು ವಿಷಯದಲ್ಲಿ ನನಗೆ ಕನ್ನಡದಿಂದ ಲಾಭವೇ ಆಯಿತು. ಪ್ರವಾಹ ಎಂಬ ಪದದೊಳಗೆ ನೀರು ಹರಿಯುತ್ತಿದೆ. ಹರಿವು ಬೇರೆ, ಎತ್ತರ ಬೇರೆ ಎಂದು ಪದವೇ ಹೇಳಿಕೊಡುತ್ತದೆ.

ಕೆರೆ ಕೆಳಗೆ ಗದ್ದೆ ಮಾಡಿದ ಹಿರಿಯರು ಇಲ್ಲಿದ್ದೀರಿ. ವೆಂಗಯ್ಯನ ಕೆರೆಯನ್ನು ಇವತ್ತು ನೋಡುವ ಮಕ್ಕಳಿಗೆ ತೂಬು, ನೀರುಗಂಟಿ ಎಂದರೆ ಗೊತ್ತಿರಲಿಕ್ಕಿಲ್ಲ, ಅದಕ್ಕೆ ಹೇಳುತ್ತೇನೆ. ಏರಿಯ ಬುಡದಲ್ಲಿ ಕಲ್ಲಿನ ತೂಬು ಇರುತ್ತದೆ. ಅದನ್ನು ಎಷ್ಟು ತೆರೆಯಬೇಕು, ಯಾವಾಗ ಮುಚ್ಚಬೇಕು ಎಂದು ನೋಡಿಕೊಳ್ಳುವವನು ನೀರುಗಂಟಿ. ಮಳೆಗಾಲ ಮುಗಿದಾಗ ಕೆರೆ ತುಂಬಿರುತ್ತದೆ, ತೂಬನ್ನು ಚೂರು ತೆರೆದರೂ ನೀರು ನುಗ್ಗುತ್ತದೆ. ಎರಡು ಮೂರು ತಿಂಗಳು ಕಳೆದರೆ ಕೆರೆ ಇಳಿದಿರುತ್ತದೆ, ಅಷ್ಟೇ ತೆರೆದರೆ ನೀರು ಸಾಲುವುದಿಲ್ಲ. ಗದ್ದೆಗೆ ಮಾತ್ರ ದಿನಕ್ಕೆ ಬೇಕಾದ ನೀರು ಅಷ್ಟೇ ಬೇಕು. ಕೆರೆ ಇಳಿದಂತೆ ತೂಬನ್ನು ಸ್ವಲ್ಪ ಸ್ವಲ್ಪವೇ ಹೆಚ್ಚು ತೆರೆದು ಹರಿವನ್ನು ಒಂದೇ ಸಮ ಇಡುವುದರಲ್ಲೇ ಅವನ ಜಾಣತನ.

ಫೋನಿನ ಬ್ಯಾಟರಿಯೇ ಕೆರೆ. ಪೂರ್ತಿ ಚಾರ್ಜ್ ಆದಾಗ ಸುಮಾರು 4.2 ವೋಲ್ಟ್ ಇರುತ್ತದೆ, ಖಾಲಿಯಾಗುತ್ತ ಬಂದಾಗ 3.4ರ ಹತ್ತಿರಕ್ಕೆ ಇಳಿಯುತ್ತದೆ. ಬಿಳಿ ಎಲ್‌ಇಡಿ ಬೆಳಗಲು ಸುಮಾರು 3 ವೋಲ್ಟ್ ಬೇಕು. ನಮ್ಮ ಲ್ಯಾಬಿನಲ್ಲಿ ಮಾಡುವಂತೆ ನಡುವೆ 10 ಓಮ್‌ನ ರೋಧಕ ಹಾಕಿದರೆ ಏನಾಗುತ್ತದೆ? ಮಕ್ಕಳೆ, ಓಮ್‌ನ ನಿಯಮ. ಬ್ಯಾಟರಿ ತುಂಬಿದ್ದಾಗ ಮಿಕ್ಕಿದ್ದು 1.2 ವೋಲ್ಟ್, ಹತ್ತರಿಂದ ಭಾಗಿಸಿದರೆ 120 ಮಿಲಿ ಆಂಪಿಯರ್. ಇಳಿದಾಗ ಮಿಕ್ಕಿದ್ದು 0.4 ವೋಲ್ಟ್, ಅಂದರೆ 40 ಮಿಲಿ ಆಂಪಿಯರ್. ಬ್ಯಾಟರಿಯ ಎತ್ತರ ಐದರಲ್ಲಿ ಒಂದು ಪಾಲು ಇಳಿಯಿತು, ಬೆಳಕು ಮೂರರಲ್ಲಿ ಒಂದು ಪಾಲಿಗೆ ಬಂತು. ರೋಧಕ ತೆಗೆದು ನೇರವಾಗಿ ಕೊಟ್ಟರೆ ಇನ್ನೂ ಕೆಟ್ಟದ್ದು. ತಂತಿಯ ವೋಲ್ಟ್-ಆಂಪಿಯರ್ ನಕ್ಷೆ ನೇರ ಗೆರೆ, ಎಲ್‌ಇಡಿಯದ್ದು ಬೆಟ್ಟದ ಬುಡದಂತೆ. ಸ್ವಲ್ಪ ದೂರ ಏನೂ ಇಲ್ಲ, ಆಮೇಲೆ ಕಡಿದಾಗಿ ಏರುತ್ತದೆ. ಅಲ್ಲಿ ವೋಲ್ಟೇಜು ಒಂದಿಷ್ಟು ಹೆಚ್ಚಾದರೆ ಕರೆಂಟು ಹಲವು ಪಟ್ಟಾಗಿ ಎಲ್‌ಇಡಿ ಸುಟ್ಟು ಕರಕಲಾಗುತ್ತದೆ. ಆದ್ದರಿಂದ ಎಲ್‌ಇಡಿಯನ್ನು ಆಳುವವರು ವೋಲ್ಟೇಜನ್ನು ಹಿಡಿದು ಆಳುವುದಿಲ್ಲ, ಕರೆಂಟನ್ನು ಹಿಡಿದು ಆಳುತ್ತಾರೆ.

ಫೋನಿನೊಳಗೆ ಇದಕ್ಕೊಬ್ಬ ನೀರುಗಂಟಿ ಇದ್ದಾನೆ. ಅಕ್ಕಿ ಕಾಳಿನಷ್ಟು ಚಿಕ್ಕ ಚಿಪ್, ಹೆಸರು ಎಲ್‌ಇಡಿ ಡ್ರೈವರ್. ಹರಿಯುತ್ತಿರುವ ಕರೆಂಟನ್ನು ತಾನೇ ಅಳೆಯುತ್ತ, ನಾವು ಬರೆದಿಟ್ಟ ಸಂಖ್ಯೆಗೆ ಹೋಲಿಸುತ್ತ, ಹೆಚ್ಚಾದರೆ ಮುಚ್ಚುತ್ತ, ಕಡಿಮೆಯಾದರೆ ತೆರೆಯುತ್ತ ಇರುತ್ತದೆ. ಇನ್ನೊಂದು ಕಷ್ಟವಿದೆ. ಫ್ಲ್ಯಾಶ್‌ಗೆಂದು ಹೆಚ್ಚು ಕರೆಂಟು ನೂಕಿದಾಗ ಎಲ್‌ಇಡಿಗೆ ಬೇಕಾಗುವ ವೋಲ್ಟೇಜೂ ಏರುತ್ತದೆ. ಒಂದೂವರೆ ಆಂಪಿಯರ್ ಹರಿಯುವಾಗ ಅದು ಮೂರೂವರೆ ವೋಲ್ಟ್ ದಾಟಬಹುದು. ಬ್ಯಾಟರಿ 3.4ರಲ್ಲಿದ್ದರೆ ಗದ್ದೆ ಕೆರೆಗಿಂತ ಎತ್ತರದಲ್ಲಿದ್ದ ಹಾಗಾಯಿತು. ಎತ್ತರದ ಗದ್ದೆಗೆ ನಮ್ಮ ಹಿರಿಯರು ಏನು ಮಾಡುತ್ತಿದ್ದರು? ಏತ ಹೊಡೆಯುತ್ತಿದ್ದರು. ಚಿಪ್ ಕೂಡ ಅದನ್ನೇ ಮಾಡುತ್ತದೆ. ಪಕ್ಕದಲ್ಲಿರುವ ಪುಟ್ಟ ತಂತಿಸುರುಳಿಯೇ ಅದರ ಬಾನಿ. ಬ್ಯಾಟರಿಯಿಂದ ತುಂಬಿಸಿಕೊಳ್ಳುವುದು, ಮೇಲೆತ್ತಿ ಸುರಿಯುವುದು, ಮತ್ತೆ ತುಂಬಿಸಿಕೊಳ್ಳುವುದು. ಸೆಕೆಂಡಿಗೆ ಇಪ್ಪತ್ತು ಲಕ್ಷ ಸಲ, ಕೆಲವು ಚಿಪ್‌ಗಳಲ್ಲಿ ನಲವತ್ತು ಲಕ್ಷ ಸಲ.

ಕರೆಂಟನ್ನು ಅಳತೆಯಾಗಿ ಹಂಚುವ ಕೆಲಸ ಈ ಸೀಮೆಗೆ ಹೊಸದೇನೂ ಅಲ್ಲ. ನಮ್ಮ ದೊಡ್ಡಪ್ಪ ದೂರವಾಣಿನಗರದ ಐಟಿಐ ಕಾರ್ಖಾನೆಯಲ್ಲಿದ್ದರು. 1948ರಲ್ಲಿ ಶುರುವಾದ ಆ ಕಾರ್ಖಾನೆಯಲ್ಲಿ ದುಡಿದವರ ಮಕ್ಕಳು, ಮೊಮ್ಮಕ್ಕಳು ಈ ಸಭೆಯಲ್ಲಿ ಎಷ್ಟೋ ಜನ ಇದ್ದೀರಿ. ಆ ಕಾಲದ ಫೋನಿಗೆ ಬ್ಯಾಟರಿ ಇರಲಿಲ್ಲ. ಎಕ್ಸ್‌ಚೇಂಜಿನಲ್ಲಿದ್ದ 48 ವೋಲ್ಟಿನ ದೊಡ್ಡ ಬ್ಯಾಟರಿಯಿಂದ ತಂತಿಯ ಮೂಲಕವೇ ಕರೆಂಟು ಬರುತ್ತಿತ್ತು. ಊರೆಲ್ಲ ಕತ್ತಲಾದರೂ ಫೋನು ಬಡಿದುಕೊಳ್ಳುತ್ತಿದ್ದದ್ದು ಅದಕ್ಕೇ. ಎಕ್ಸ್‌ಚೇಂಜಿಗೆ ಹತ್ತಿರದ ಮನೆಗೆ ಹೆಚ್ಚು ಕರೆಂಟು, ಉದ್ದ ತಂತಿಯ ಕೊನೆಯಲ್ಲಿದ್ದ ಮನೆಗೆ ಕಡಿಮೆ. "ಕೊನೇ ಮನೆಯವನ ಮಾತೂ ಕೇಳಿಸಬೇಕಲ್ಲಪ್ಪ, ನಾವು ಲೆಕ್ಕ ಹಾಕ್ತಿದ್ದದ್ದು ಅವನಿಗೆ" ಎಂದು ದೊಡ್ಡಪ್ಪ ಹೇಳುತ್ತಿದ್ದರು.

ಸಂಖ್ಯೆ ಬರೆಯುವುದು ಎಂದೆನಲ್ಲ, ಅದು ಹೇಗೆ ಎಂದು ಒಂದು ಉದಾಹರಣೆ ಕೊಡುತ್ತೇನೆ. 1985ರಲ್ಲೇ ಬೆಂಗಳೂರಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯದ್ದು ಎಲ್‌ಎಂ 3644 ಎಂಬ ಚಿಪ್ ಇದೆ. ಎರಡು ಎಲ್‌ಇಡಿಗಳನ್ನು ನಡೆಸಬಲ್ಲದು. ಅದರ ವಿವರಪತ್ರವನ್ನು ಯಾರು ಬೇಕಾದರೂ ಇಂಟರ್ನೆಟ್ಟಿನಲ್ಲಿ ಓದಬಹುದು. ಅದರೊಳಗೆ ರಿಜಿಸ್ಟರ್ ಎಂಬ ಚಿಕ್ಕ ಚಿಕ್ಕ ಗೂಡುಗಳಿವೆ. ಫ್ಲ್ಯಾಶ್‌ನ ಗೂಡಿನಲ್ಲಿ 0ಯಿಂದ 127ರವರೆಗೆ ಯಾವುದಾದರೂ ಒಂದು ಸಂಖ್ಯೆ ಬರೆಯಬಹುದು. ಸೊನ್ನೆ ಬರೆದರೆ ಸುಮಾರು 11 ಮಿಲಿ ಆಂಪಿಯರ್, ಆಮೇಲೆ ಒಂದೊಂದು ಮೆಟ್ಟಿಲಿಗೆ ಸುಮಾರು 11.7ರಷ್ಟು ಹೆಚ್ಚು. 50 ಬರೆದರೆ ಸುಮಾರು 597. 127 ಬರೆದರೆ 1,500, ಅಂದರೆ ಒಂದೂವರೆ ಆಂಪಿಯರ್. ಟಾರ್ಚಿಗೆ ಬೇರೆ ಗೂಡು, ಅಲ್ಲಿ ಮೆಟ್ಟಿಲು ಚಿಕ್ಕದು, ತುದಿಗೆ ಹೋದರೂ 179 ಮಿಲಿ ಆಂಪಿಯರ್. ಒಂದೇ ದೀಪ. ಮಿಂಚುವಾಗ ಒಂದೂವರೆ ಆಂಪಿಯರ್ ತಡೆಯುತ್ತದೆ, ಉರಿಯುತ್ತಲೇ ಇರಬೇಕಾದರೆ ಅದರ ಎಂಟನೇ ಒಂದು ಪಾಲು. ಯಾಕೆಂದರೆ ಕೊಟ್ಟ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳಕಾಗದೆ ಬಿಸಿಯಾಗಿ ಹೋಗುತ್ತದೆ. ಒಂದೂವರೆ ಆಂಪಿಯರ್, ಮೂರೂವರೆ ವೋಲ್ಟ್ ಎಂದರೆ ಐದು ವ್ಯಾಟ್. ಮನೆಯಲ್ಲಿ ಐದು ವ್ಯಾಟಿನ ಎಲ್‌ಇಡಿ ಬಲ್ಬಿಗೆ ಎಷ್ಟು ದೊಡ್ಡ ಬುರುಡೆ ಇರುತ್ತದೆ ನೋಡಿ. ಇಲ್ಲಿ ಸಾಸಿವೆ.

ಅದಕ್ಕೆ ಚಿಪ್‌ನೊಳಗೆ ಒಂದು ಗಡಿಯಾರವಿರುತ್ತದೆ. ನಾನು ಹೇಳಿದ ಈ ಚಿಪ್‌ನಲ್ಲಿ ಹೆಚ್ಚೆಂದರೆ 400 ಮಿಲಿ ಸೆಕೆಂಡು. ಅಷ್ಟು ಹೊತ್ತಿನೊಳಗೆ ಆರಿಸು ಎಂದು ಸಾಫ್ಟ್‌ವೇರ್ ಹೇಳದಿದ್ದರೆ ಚಿಪ್ ತಾನೇ ಆರಿಸಿಬಿಡುತ್ತದೆ. ಹಾರ್ಡ್‌ವೇರಿನವರಿಗೆ ನಮ್ಮಂಥ ಸಾಫ್ಟ್‌ವೇರಿನವರ ಮೇಲೆ ಇರುವ ನಂಬಿಕೆ ಇಷ್ಟು! ಫೋನುಗಳ ತಳದಲ್ಲಿರುವ ಲಿನಕ್ಸ್ ಎಂಬ ತಂತ್ರಾಂಶದಲ್ಲೂ ಇಂಥ ಮಿತಿಗಳನ್ನು ಮೊದಲೇ ಬರೆದಿಡಬೇಕು. ಅಲ್ಲಿ ಲೆಕ್ಕ ಮೈಕ್ರೋ ಆಂಪಿಯರ್‌ಗಳಲ್ಲಿ, ಒಂದೂವರೆ ಆಂಪಿಯರ್ ಎಂದರೆ ಹದಿನೈದರ ಮುಂದೆ ಐದು ಸೊನ್ನೆ. ಹಾಗಾಗಿ ಸೊನ್ನೆಗಳನ್ನು ಇಬ್ಬರು ಎಣಿಸುತ್ತೇವೆ. ಒಬ್ಬರು ಎಣಿಸಿದ್ದನ್ನು ಇನ್ನೊಬ್ಬರು ಒಪ್ಪುವ ತನಕ ಮುಂದಕ್ಕೆ ಹೋಗುವುದಿಲ್ಲ.

ಬ್ಯಾಟರಿ ಕಡಿಮೆ ಇದ್ದಾಗ ಫ್ಲ್ಯಾಶ್ ಹತ್ತುವುದಿಲ್ಲ ಎಂದು ಫೋನ್ ಹೇಳುತ್ತದಲ್ಲ, ಅದರ ಕಾರಣವೂ ಇಲ್ಲೇ ಇದೆ. ಎರಡು ಎಲ್‌ಇಡಿ ಸೇರಿ ಹತ್ತು ವ್ಯಾಟ್ ಕೇಳಿದರೆ, ಏತದಲ್ಲಿ ಚೆಲ್ಲುವುದೂ ಸೇರಿ ಬ್ಯಾಟರಿಯಿಂದ ಮೂರು ಆಂಪಿಯರಿಗಿಂತ ಹೆಚ್ಚು ಒಮ್ಮೆಲೇ ಎಳೆಯಬೇಕು. ಹಳೆಯ ಬ್ಯಾಟರಿ ಆ ಎಳೆತಕ್ಕೆ ಕುಸಿಯುತ್ತದೆ, ಫೋನೇ ಆಫ್ ಆಗಬಹುದು. ಅದೇ ಗಳಿಗೆಯಲ್ಲಿ ಫೋನು ಟವರಿನ ಜೊತೆ ಜೋರಾಗಿ ಮಾತಾಡುತ್ತಿದ್ದರೆ ಅದಕ್ಕೂ ಕರೆಂಟು ಬೇಕು. ಆಗ ಫ್ಲ್ಯಾಶನ್ನು ತಕ್ಷಣ ತಗ್ಗಿಸಲೆಂದೇ ಚಿಪ್‌ಗೆ ಒಂದು ಪ್ರತ್ಯೇಕ ಕಾಲು ಇಟ್ಟಿರುತ್ತಾರೆ.

ನಿನ್ನೆ ಸಂಜೆ ಮಕ್ಕಳ ನೃತ್ಯ ನಡೆಯುವಾಗ ಕೊನೆಯ ಸಾಲಿನಿಂದ ಪಟಪಟನೆ ಫ್ಲ್ಯಾಶ್ ಮಿಂಚುತ್ತಿತ್ತು. ಈ ವಿದ್ಯೆ ಕಲಿತವನಾಗಿ ಒಂದು ಮಾತು ಹೇಳಲೇಬೇಕು. ದೂರ ಎರಡರಷ್ಟಾದರೆ ಬೀಳುವ ಬೆಳಕು ನಾಲ್ಕನೇ ಒಂದು ಪಾಲಾಗುತ್ತದೆ. ಒಂದು ಮೀಟರಿನಲ್ಲಿ ಬೀಳುವ ಬೆಳಕಿನ ನೂರನೇ ಒಂದು ಪಾಲು ಹತ್ತು ಮೀಟರಿನಲ್ಲಿ. ಕೊನೆಯ ಸಾಲಿನಿಂದ ಹಾಕಿದ ಫ್ಲ್ಯಾಶ್ ನಿಮ್ಮ ಮುಂದೆ ಕೂತವರ ತಲೆಯನ್ನು ಚೆನ್ನಾಗಿ ಬೆಳಗಿಸುತ್ತದೆ, ವೇದಿಕೆಯ ಮೇಲಿರುವ ನಿಮ್ಮ ಮಗಳಿಗೆ ಅದರಿಂದ ಏನೂ ಸಿಗುವುದಿಲ್ಲ. ಎರಡು ಮೂರು ಮೀಟರಿನಾಚೆಗೆ ಫ್ಲ್ಯಾಶ್ ಆರಿಸಿಬಿಡಿ, ಫೋಟೊ ಚೆನ್ನಾಗಿ ಬರುತ್ತದೆ.

ಹತ್ತಿರದಲ್ಲಾದರೂ ಫ್ಲ್ಯಾಶ್ ಎರಡು ಸಲ ಮಿಂಚುವುದನ್ನು ನೋಡಿರುತ್ತೀರಿ. ಮೊದಲನೆಯದು ಕಡಿಮೆ ಕರೆಂಟಿನದು, ಎದುರಿಗೆ ಏನಿದೆ, ಎಷ್ಟು ದೂರದಲ್ಲಿದೆ, ಎಷ್ಟು ಬೆಳಕು ವಾಪಸ್ ಬರುತ್ತದೆ ಎಂದು ತಡಕಿ ನೋಡಲು. ಎರಡನೆಯದು ಫೋಟೊಗೆ. ಮೊದಲನೆಯದಕ್ಕೇ ಫೋಟೊ ಆಯಿತೆಂದು ಅಜ್ಜಿ ಎದ್ದುಬಿಡುತ್ತಾರೆ, ಎರಡನೆಯದರಲ್ಲಿ ಅವರ ಸೆರಗು ಮಾತ್ರ ಬರುತ್ತದೆ. ಈ ತಡಕಾಟ ಬಿಳಿ ಬಟ್ಟೆ ಕಂಡರೆ ಮೋಸ ಹೋಗುತ್ತದೆ. ನಮ್ಮ ಹಳೇ ಯೂನಿಫಾರ್ಮಿನ ಬಿಳಿ ಶರ್ಟು ಬೆಳಕನ್ನು ಬಲವಾಗಿ ಹಿಂದಕ್ಕೆ ಕಳಿಸುತ್ತದೆ, ಕ್ಯಾಮೆರಾ ಬೆಳಕು ಸಾಕೆಂದುಕೊಂಡು ತಗ್ಗಿಸುತ್ತದೆ, ನಮ್ಮ ಮುಖಗಳು ಇನ್ನಷ್ಟು ಕಪ್ಪಾಗುತ್ತವೆ. ಹಿಂದೆ ಫಿಲ್ಮ್ ಕಾಲದಲ್ಲಿ ಕೊಡ್ಯಾಕ್ ಕಂಪನಿ ಬಣ್ಣ ಸರಿಮಾಡಲು ಸ್ಟುಡಿಯೋಗಳಿಗೆ ಕಳಿಸುತ್ತಿದ್ದ ಮಾದರಿ ಚಿತ್ರಗಳಲ್ಲಿ ಬಹುಕಾಲ ಬಿಳಿಯ ಹೆಂಗಸರೇ ಇದ್ದರು. ಮಾದರಿಯಲ್ಲಿ ಯಾರ ಮುಖ ಇರುತ್ತದೋ ಅವರ ಫೋಟೊ ಚೆನ್ನಾಗಿ ಬರುತ್ತದೆ. ಇವತ್ತು ನಾವು ಕರೆಂಟಿನ ಸಂಖ್ಯೆ ಇಟ್ಟು ಪರೀಕ್ಷಿಸುವಾಗ ಗೋಡೆಗೆ ಅಂಟಿಸಿದ ಬಣ್ಣದ ಚಾರ್ಟು ಸಾಲದು ಎಂದು ನಾನು ಜಗಳವಾಡುವುದು ಇದಕ್ಕೇ. ರಾತ್ರಿ ಎಂಟು ಗಂಟೆಗೆ ಕ್ಯಾಂಟೀನಿನ ಹಿಂಬದಿಗೆ ಹೋಗಿ, ಅಲ್ಲಿ ಪಾತ್ರೆ ತೊಳೆಯುವವರನ್ನು ಕೇಳಿ, ಅವರು ಒಪ್ಪಿದರೆ ಅವರ ಫೋಟೊ ತೆಗೆದು ನೋಡುತ್ತೇವೆ.

ಫ್ಲ್ಯಾಶ್‌ಗಿಂತ ನನಗೆ ಹೆಚ್ಚು ತಲೆ ತಿಂದದ್ದು ಟಾರ್ಚು. ಒಂದು ಮೀಟಿಂಗಿನ ವಿಷಯ ಹೇಳುತ್ತೇನೆ, ಕಂಪನಿಯ ಹೆಸರು ಬೇಡ. ಹೊಸ ಮಾದರಿಯಲ್ಲಿ ಟಾರ್ಚಿನ ಕರೆಂಟು ಎಷ್ಟಿರಬೇಕು ಎಂಬ ಚರ್ಚೆ. ಅಂಗಡಿಯಲ್ಲಿ ಪಕ್ಕದ ಫೋನಿಗಿಂತ ನಮ್ಮದು ಜೋರಾಗಿ ಕಾಣಬೇಕು, ಹೆಚ್ಚೇ ಇರಲಿ ಎಂದು ಒಂದು ಗುಂಪು. ಬಿಸಿಯಾಗುತ್ತದಲ್ಲ ಎಂದರೆ, "ಟಾರ್ಚನ್ನು ಯಾರು ಐದು ನಿಮಿಷಕ್ಕಿಂತ ಹೆಚ್ಚು ಹಾಕ್ತಾರೆ? ಬೀಗದ ಕೈ ಹುಡುಕೋಕೆ ಹಾಕ್ತಾರೆ, ಆರಿಸ್ತಾರೆ" ಎಂದು ಉತ್ತರ ಬಂತು. ಹೇಳಿದವರು ಒಳ್ಳೆಯವರೇ, ಬುದ್ಧಿವಂತರೇ. ಅವರು ಇರುವ ಅಪಾರ್ಟ್‌ಮೆಂಟಿನಲ್ಲಿ ಕರೆಂಟು ಹೋದರೆ ಹತ್ತು ಸೆಕೆಂಡಿಗೆ ಜನರೇಟರ್ ಬರುತ್ತದೆ.

ನನಗೆ ನೆನಪಾದದ್ದು ಚಿಕ್ಕಮ್ಮ. ಇಲ್ಲೇ ಮಾರ್ಕೆಟ್ ರಸ್ತೆಯಲ್ಲಿ ಸಂಜೆ ಐದರಿಂದ ಹತ್ತರ ತನಕ ಹೂವು ಮಾರುತ್ತಾರೆ. ಬೀದಿದೀಪ ಹತ್ತಿದರೆ ಹತ್ತಿತು, ಇಲ್ಲದಿದ್ದರೆ ಇಲ್ಲ. ಫೋನಿಗೆ ರಬ್ಬರ್ ಬ್ಯಾಂಡ್ ಹಾಕಿ ಛತ್ರಿಯ ಕಡ್ಡಿಗೆ ನೇತುಹಾಕಿ ಟಾರ್ಚ್ ಹಚ್ಚುತ್ತಾರೆ. ಅದೇ ಅಂಗಡಿಯ ದೀಪ. ಅದೇ ಫೋನಿಗೆ ಗಿರಾಕಿಯ ದುಡ್ಡು ಬಂತು ಎಂಬ ಮೆಸೇಜೂ ಬರಬೇಕು. ಸೊಪ್ಪಿನವರು, ಕಡಲೆಕಾಯಿ ಗಾಡಿಯವರು, ರಾತ್ರಿ ಪಂಕ್ಚರ್ ಹಾಕುವವರು, ಮನೆ ಹೊರಗಿನ ಶೌಚಾಲಯಕ್ಕೆ ಹೋಗುವ ಹೆಣ್ಣುಮಕ್ಕಳು, ಹೊಲಕ್ಕೆ ನೀರು ಬಿಡಲು ಮಧ್ಯರಾತ್ರಿ ಎದ್ದು ಹೋಗುವ ರೈತರು, ಇವರಿಗೆಲ್ಲ ಟಾರ್ಚು ಐದು ನಿಮಿಷದ ವಸ್ತುವೇ?

ಲೆಕ್ಕ ಇಟ್ಟೆ. 4,000 ಮಿಲಿ ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಸುಮಾರು 15 ವ್ಯಾಟ್-ಅವರ್ ಶಕ್ತಿ ಇರುತ್ತದೆ. ಟಾರ್ಚಿಗೆ 360 ಮಿಲಿ ಆಂಪಿಯರ್ ಕೊಟ್ಟರೆ, ನಡುವಿನ ಸೋರಿಕೆಯೂ ಸೇರಿ ಸುಮಾರು 1.3 ವ್ಯಾಟ್. ಫೋನು ಬೇರೇನೂ ಮಾಡದಿದ್ದರೂ ಹನ್ನೊಂದು ಹನ್ನೆರಡು ಗಂಟೆ. ಎರಡು ವರ್ಷ ಹಳೆಯ ಬ್ಯಾಟರಿ, ಮಧ್ಯಾಹ್ನದ ಹೊತ್ತಿಗೆ ಅರ್ಧ ಖಾಲಿ, ಮೇಲೆ ಇಂಟರ್ನೆಟ್ ಆನ್ ಎಂದರೆ ರಾತ್ರಿ ಎಂಟಕ್ಕೇ ಕತ್ತಲು. 90 ಮಿಲಿ ಆಂಪಿಯರ್ ಕೊಟ್ಟರೆ ಅದೇ ದೀಪ ನಾಲ್ಕು ಪಟ್ಟಿಗಿಂತ ಹೆಚ್ಚು ಹೊತ್ತು ಉರಿಯುತ್ತದೆ, ಯಾಕೆಂದರೆ ಕಡಿಮೆ ಕರೆಂಟಿನಲ್ಲಿ ಎಲ್‌ಇಡಿಗೆ ವೋಲ್ಟೇಜೂ ಕಡಿಮೆ ಸಾಕು. ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ ಎಂದು ನೀವು ಕೇಳಬಹುದು. ಪೂರ್ತಿ ಕಾಲು ಭಾಗಕ್ಕೂ ಇಳಿಯುವುದಿಲ್ಲ, ಎಲ್‌ಇಡಿ ಕಡಿಮೆ ಕರೆಂಟಿನಲ್ಲಿ ಹೆಚ್ಚು ನಿಯತ್ತಾಗಿ ದುಡಿಯುತ್ತದೆ. ಜೊತೆಗೆ ನಮ್ಮ ಕಣ್ಣು ಅಳತೆಗೋಲಲ್ಲ. ಬೆಳಕು ಎರಡು ಪಟ್ಟಾದರೂ ಕಣ್ಣಿಗೆ ಸ್ವಲ್ಪ ಹೆಚ್ಚಾದಂತೆ ಕಾಣುತ್ತದೆ ಅಷ್ಟೇ. ಆದ್ದರಿಂದ ಮೆಟ್ಟಿಲುಗಳನ್ನು 10, 20, 40, 80, 160 ಎಂದು ದ್ವಿಗುಣವಾಗಿ ಇಡಬೇಕು. 30, 60, 90 ಎಂದು ಇಟ್ಟರೆ ಮೇಲಿನ ಮೆಟ್ಟಿಲುಗಳ ನಡುವೆ ವ್ಯತ್ಯಾಸವೇ ಕಾಣುವುದಿಲ್ಲ.

ಮೀಟಿಂಗಿನಲ್ಲಿ ಇದನ್ನೆಲ್ಲ ಹೇಳಿ, ಛತ್ರಿಗೆ ನೇತುಬಿದ್ದ ಫೋನಿನ ಫೋಟೊ ತೋರಿಸಿದೆ. ಮೊದಲು ನಕ್ಕರು, ಆಮೇಲೆ ಒಬ್ಬರು ಎದ್ದು, ನಮ್ಮೂರಲ್ಲೂ ಹೀಗೇ ಮಾಡ್ತಾರೆ ಎಂದರು. ಅವರು ಬಿಹಾರದವರು. ಎರಡು ವಾರ ಎಳೆದಾಟವಾಗಿ ಕೊನೆಗೆ ಒಪ್ಪಂದಕ್ಕೆ ಬಂದೆವು: ಟಾರ್ಚು ನಡು ಮೆಟ್ಟಿಲಿನಲ್ಲಿ ಹತ್ತಬೇಕು, ಬೇಕಾದವರು ಏರಿಸಿಕೊಳ್ಳಲಿ, ಬಿಸಿ ಮಿತಿ ದಾಟಿದರೆ ಸಾಫ್ಟ್‌ವೇರ್ ತಾನಾಗಿ ಇಳಿಸಲಿ, ಆದರೆ ಪೂರ್ತಿ ಆರಿಸಬಾರದು. ಆ ಕೊನೆಯ ಮಾತಿಗೆ ನಾನು ಹಟ ಹಿಡಿದೆ. ಕತ್ತಲಲ್ಲಿ ಮೆಟ್ಟಿಲು ಇಳಿಯುತ್ತಿರುವವರ ದೀಪ ಮಂಕಾಗಬಹುದು, ಹಠಾತ್ತನೆ ಹೋಗಬಾರದು. ಆಂಡ್ರಾಯ್ಡ್‌ನಲ್ಲಿ ಟಾರ್ಚಿನ ಬೆಳಕನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಳಿಸುವ ಅನುಕೂಲ 2022ರ ಹದಿಮೂರನೇ ಆವೃತ್ತಿಯಲ್ಲಿ ಅಧಿಕೃತವಾಗಿ ಬಂತು. ಆದರೆ ಫೋನಿನೊಳಗಿನ ಚಿಪ್ ಒಪ್ಪಿದರೆ ಮಾತ್ರ. ನಮ್ಮ ಕಡಿಮೆ ಬೆಲೆಯ ಮಾದರಿಗೆ ಇದು ಬರಲಿಲ್ಲ. ಅದರ ಚಿಪ್‌ಗೆ ಟಾರ್ಚಿನಲ್ಲಿ ಗೊತ್ತಿದ್ದದ್ದು ಎರಡೇ, ಹತ್ತು ಮತ್ತು ಆರು. ಹೆಚ್ಚು ಹೊತ್ತು ಟಾರ್ಚು ಹಾಕುವವರು ಕೊಳ್ಳುವುದು ಆ ಮಾದರಿಯನ್ನೇ. ಚಿಪ್ಪಿಗೆ ಕೆಲವು ರೂಪಾಯಿ ಹೆಚ್ಚಾಗುತ್ತದೆ ಎಂಬ ಮಾತಿನ ಮುಂದೆ ನನ್ನ ಛತ್ರಿಯ ಫೋಟೊ ನಡೆಯಲಿಲ್ಲ. ಮುಂದಿನ ಮಾದರಿಯ ಚರ್ಚೆ ಈಗ ನಡೆಯುತ್ತಿದೆ, ಆ ಫೋಟೊ ಇನ್ನೂ ನನ್ನ ಲ್ಯಾಪ್‌ಟಾಪಿನಲ್ಲಿದೆ.

ಚಿಕ್ಕಮ್ಮನಿಗೆ ಇದನ್ನು ಹೇಳಿದಾಗ ಅವರು, "ಅಷ್ಟು ದೊಡ್ಡ ಬಿಲ್ಡಿಂಗಲ್ಲಿ ಅಷ್ಟೊಂದು ಜನ ಕೂತ್ಕೊಂಡು ಒಂದು ಟಾರ್ಚು ಸರಿ ಮಾಡಕ್ಕಾಗಲ್ವೇನೋ?" ಎಂದರು. ಆಮೇಲೆ ಹೇಳಿದ ಮಾತು ನನಗೆ ಮುಖ್ಯವಾಯಿತು. "ಬೆಳಕು ಸಾಲಲ್ಲ ಅನ್ನೋದಲ್ಲ ಕಣೋ, ಈ ಬೆಳಕಲ್ಲಿ ಕನಕಾಂಬರ ಬಾಡಿದ ಹಂಗೆ ಕಾಣ್ತದೆ. ಆಗತಾನೆ ಕಟ್ಟಿದ್ದು ಅಂದ್ರೂ ಗಿರಾಕಿ ನಂಬಲ್ಲ." ನೂರಕ್ಕೆ ನೂರು ಸರಿ. ಆರಂಭದಲ್ಲಿ ಹೇಳಿದೆನಲ್ಲ, ನೀಲಿಗೆ ಹಳದಿ ಬೆರೆಸಿದ ಬಿಳಿ ಎಂದು. ಅದರಲ್ಲಿ ಕೆಂಪು ಬಹಳ ಕಡಿಮೆ. ಬೆಳಕಿನಲ್ಲೇ ಕೆಂಪಿಲ್ಲದಿದ್ದರೆ ಕನಕಾಂಬರ ತನ್ನ ಬಣ್ಣವನ್ನು ಎಲ್ಲಿಂದ ತರಬೇಕು? ಮಲ್ಲಿಗೆ ಪರವಾಗಿಲ್ಲ, ಸ್ವಲ್ಪ ನೀಲಿಯಾಗಿ ಕಂಡೀತು. ಗುಲಾಬಿ, ಕನಕಾಂಬರ ಸಪ್ಪೆ. ಮನುಷ್ಯರ ಮುಖವೂ ಹಾಗೆಯೇ. ಅದಕ್ಕೇ ಕೆಲವು ಫೋನುಗಳಲ್ಲಿ ಎರಡು ಚುಕ್ಕೆಗಳಿರುತ್ತವೆ, ಒಂದು ತಂಪು ಬಿಳಿ, ಇನ್ನೊಂದು ಬೆಚ್ಚನೆಯ ಹಳದಿ ಬಿಳಿ. ಎರಡಕ್ಕೂ ಯಾವ ಪ್ರಮಾಣದಲ್ಲಿ ಕರೆಂಟು ಹಂಚಿದರೆ ಚರ್ಮದ ಬಣ್ಣ ಸರಿಯಾಗಿ ಬರುತ್ತದೆ ಎಂದು ಪ್ರತಿ ಫೋಟೊಗೂ ಲೆಕ್ಕ ಹಾಕುತ್ತದೆ. 2013ರ ಐಫೋನ್ 5ಎಸ್‌ನಲ್ಲಿ ಇಂಥದ್ದು ಬಂದಾಗ ದೊಡ್ಡ ಸುದ್ದಿಯಾಗಿತ್ತು.

ಫೋನಿನಲ್ಲಿ ಆಗದ್ದನ್ನು ಹೊರಗೆ ಮಾಡೋಣವೆಂದು ಒಂದು ಭಾನುವಾರ ಕೂತೆ. ಎಸ್‌ಪಿ ರೋಡಿನಿಂದ ಬೆಚ್ಚನೆಯ ಬಣ್ಣದ ಸಣ್ಣ ಎಲ್‌ಇಡಿಗಳು, ರೋಧಕಗಳು, ಒಂದು ಯುಎಸ್‌ಬಿ ತಂತಿ ತಂದೆ. ಪವರ್ ಬ್ಯಾಂಕ್ ಕೊಡುವುದು 5 ವೋಲ್ಟ್, ಎಲ್‌ಇಡಿಗೆ 3, ಮಿಕ್ಕಿದ್ದು 2. ಒಂದೊಂದು ಎಲ್‌ಇಡಿಗೂ ಅದರದ್ದೇ 100 ಓಮ್ ರೋಧಕ, ತಲಾ 20 ಮಿಲಿ ಆಂಪಿಯರ್. ಎಲ್ಲಕ್ಕೂ ಸೇರಿ ಒಂದೇ ರೋಧಕ ಹಾಕಬಾರದು. ಯಾವ ಎಲ್‌ಇಡಿ ಸ್ವಲ್ಪ ಸಡಿಲವೋ ಅದು ಅಕ್ಕಪಕ್ಕದವರ ಪಾಲನ್ನೂ ಕುಡಿದು ಮೊದಲು ಸಾಯುತ್ತದೆ. ಇಲ್ಲಿ ಡ್ರೈವರ್ ಚಿಪ್ ಬೇಕಾಗಲಿಲ್ಲ, ಯಾಕೆಂದರೆ ಪವರ್ ಬ್ಯಾಂಕು ತನ್ನ ಕೆರೆ ಇಳಿದರೂ ಹೊರಗೆ 5 ವೋಲ್ಟನ್ನೇ ಹಿಡಿದು ಕೊಡುತ್ತದೆ. ಇನ್ನೊಂದು ತಮಾಷೆ. ಮೂರೇ ಎಲ್‌ಇಡಿ ಹಾಕಿ ನೋಡಿದರೆ ಅರ್ಧ ನಿಮಿಷಕ್ಕೆ ಪವರ್ ಬ್ಯಾಂಕೇ ಮಲಗಿಬಿಡುತ್ತದೆ. 60 ಮಿಲಿ ಆಂಪಿಯರ್ ಅದಕ್ಕೆ ಲೆಕ್ಕಕ್ಕೇ ಇಲ್ಲ, ಫೋನ್ ಚಾರ್ಜ್ ಆಗಿ ಮುಗಿಯಿತು ಎಂದುಕೊಳ್ಳುತ್ತದೆ. ಹತ್ತು ಹಾಕಿದ ಮೇಲೆ, 200 ಮಿಲಿ ಆಂಪಿಯರಿಗೆ, ಎಚ್ಚರವಾಗಿ ಉಳಿಯಿತು. ಒಂದು ವ್ಯಾಟಿನ ದೀಪ, 10,000ದ ಪವರ್ ಬ್ಯಾಂಕಿನಲ್ಲಿ ಐದೈದು ಗಂಟೆಯಂತೆ ಐದಾರು ದಿನ ಬರುತ್ತದೆ. ರೋಧಕಗಳಲ್ಲಿ ಐದರಲ್ಲಿ ಎರಡು ಪಾಲು ಸುಮ್ಮನೆ ಬಿಸಿಯಾಗಿ ಹೋಗುತ್ತದೆ ಎಂದು ಎಂಜಿನಿಯರ್ ಗೆಳೆಯರು ಮೂಗು ಮುರಿದರು. ಚಿಕ್ಕಮ್ಮ ಮುರಿಯಲಿಲ್ಲ. ಪಕ್ಕದ ಸೊಪ್ಪಿನಕ್ಕನಿಗೂ ಒಂದು ಬೇಕೆಂದರು. ಸೊಪ್ಪಿಗೆ ಮಾತ್ರ ತಂಪು ಬಿಳಿಯೇ ಚೆಂದ, ಹಸಿರು ಚಿಗುರಿದ ಹಾಗೆ ಕಾಣುತ್ತದೆ. ಹಾಗಾಗಿ ಅವರದ್ದು ಬೇರೆ ಬಣ್ಣದ ದೀಪ.

ಮಕ್ಕಳೆ, ಇದೇ ಸಾಮಾನುಗಳನ್ನು ಒಂದು ಡಬ್ಬದಲ್ಲಿ ಹಾಕಿ ಲ್ಯಾಬಿಗೆ ತಂದಿಟ್ಟಿದ್ದೇನೆ. ಎರಡು ಮಲ್ಟಿಮೀಟರ್, ಐದಾರು ಬಗೆಯ ರೋಧಕಗಳು, ಬಿಳಿ ಎಲ್‌ಇಡಿಗಳು, ಬ್ರೆಡ್‌ಬೋರ್ಡ್. ಮೊದಲು ರೋಧಕದ ನಕ್ಷೆ ಬರೆಯಿರಿ, ನೇರ ಗೆರೆ ಬರುತ್ತದೆ. ಆಮೇಲೆ ಎಲ್‌ಇಡಿಯದ್ದು ಬರೆಯಿರಿ, 2.5 ವೋಲ್ಟಿನಿಂದ ಮೇಲಕ್ಕೆ ಹತ್ತನೇ ಒಂದು ವೋಲ್ಟಿನಂತೆ ನಿಧಾನವಾಗಿ ಹೋಗಿ. ಫ್ಲ್ಯಾಶನ್ನು ಒಬ್ಬರ ಕಣ್ಣಿಗೆ ಹತ್ತಿರ ಹಿಡಿದು ಹಾಕಬೇಡಿ, ಚಿಕ್ಕ ಮಕ್ಕಳ ಮುಖಕ್ಕಂತೂ ಬೇಡವೇ ಬೇಡ.

ನಾಳೆ ಭಾನುವಾರ ಹತ್ತು ಗಂಟೆಯಿಂದ ನಾನು ಲ್ಯಾಬಿನಲ್ಲಿರುತ್ತೇನೆ. ಒಂಬತ್ತನೇ ತರಗತಿಯವರು ಮೊದಲು ಬನ್ನಿ, ಹತ್ತನೆಯವರಿಗೆ ಹನ್ನೊಂದೂವರೆಗೆ. ಕೆಲವು ಎಲ್‌ಇಡಿ ಸುಡುತ್ತವೆ, ವಾಸನೆ ಬರುತ್ತದೆ. ವಿಜ್ಞಾನದ ಮಿಸ್ ದಯವಿಟ್ಟು ಬೈಯಬಾರದು, ಇನ್ನೂರು ತಂದಿದ್ದೇನೆ.